ಪದ ಪರಿಚಯ: ಫಾಸ್ಫಟೇಸ್

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಲಿವರ್ ಪರೀಕ್ಷೆಗೆ ರಕ್ತ ಕೊಟ್ಟರೆ, ಕೈಗೆ ಬರುವ ವರದಿಯಲ್ಲಿ ‘ಆಲ್ಕಲೈನ್ ಫಾಸ್ಫಟೇಸ್’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಪಿತ್ತನಾಳ ಕಟ್ಟಿಕೊಂಡಾಗ ಅದರ ಅಂಕಿ ಏರುತ್ತದೆ. ಮೂಳೆ ಬೆಳೆಯುವ ಮಕ್ಕಳಲ್ಲಿ ಸಹಜವಾಗಿಯೇ ಹೆಚ್ಚಿರುತ್ತದೆ.

ಪದದ ಮೊದಲ ಭಾಗ ಫಾಸ್ಫೇಟ್. ಅದರ ಬೇರು ಫಾಸ್ಫರಸ್, ಅಂದರೆ ಗ್ರೀಕ್‌ನಲ್ಲಿ ‘ಬೆಳಕು ಹೊತ್ತದ್ದು’. 1669ರಲ್ಲಿ ಜರ್ಮನಿಯ ಹೆನ್ನಿಗ್ ಬ್ರಾಂಡ್ ಮೂತ್ರದಿಂದ ತೆಗೆದ ಈ ವಸ್ತು ಕತ್ತಲಲ್ಲಿ ಹೊಳೆಯುತ್ತಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ರಂಜಕ. ಭದ್ರಾ ನಾಲೆಯ ಭತ್ತದ ಗದ್ದೆಗೆ ಹಾಕುವ ಡಿಎಪಿ ಗೊಬ್ಬರದಲ್ಲಿರುವುದೂ ಇದರ ಫಾಸ್ಫೇಟೇ. ಕೊನೆಯ ‘ಏಸ್’ ಕಿಣ್ವದ ಗುರುತು. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಗುರುತಿಸಿದ ‘ಡಯಾಸ್ಟೇಸ್’ನಿಂದ ಬಂದದ್ದು. ಒಟ್ಟಿನಲ್ಲಿ ಫಾಸ್ಫಟೇಸ್ ಎಂದರೆ ಬೇರೆ ಅಣುವಿಗೆ ಅಂಟಿದ ಫಾಸ್ಫೇಟನ್ನು ಬಿಡಿಸುವ ಕಿಣ್ವ.

ಹಾಲಿನ ಪರೀಕ್ಷೆಯಲ್ಲೂ ಈ ಪದ ಬಳಕೆಯಲ್ಲಿದೆ. ಹಸಿ ಹಾಲಿನಲ್ಲಿರುವ ಈ ಕಿಣ್ವ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿದರೆ ನಿಷ್ಕ್ರಿಯವಾಗುತ್ತದೆ. ಪಾಶ್ಚರೀಕರಿಸಿದ ಹಾಲಿನಲ್ಲಿ ಅದರ ಚಟುವಟಿಕೆ ಉಳಿದಿದ್ದರೆ ಹಾಲು ಸರಿಯಾಗಿ ಕಾದಿಲ್ಲ, ಇಲ್ಲವೇ ಹಸಿ ಹಾಲು ಬೆರೆತಿದೆ ಎಂಬ ಅನುಮಾನ ಬರುತ್ತದೆ.

ಸಂಶೋಧಕರು ಜೀವಕೋಶದಲ್ಲಿ ಫಾಸ್ಫಟೇಸ್ ಹುಡುಕಲು ಪ್ರತಿಕಾಯ ಬಳಸುತ್ತಾರೆ. ಫಾಸ್ಫಟೇಸ್‌ನಲ್ಲಿ ಆ ಪ್ರತಿಕಾಯ ಕಚ್ಚುವ ತುಣುಕನ್ನೇ ಕೃತಕವಾಗಿ ತಯಾರಿಸಿದರೆ ಅದು ‘ಬ್ಲಾಕಿಂಗ್ ಪೆಪ್ಟೈಡ್’. ಇದನ್ನು ಪ್ರತಿಕಾಯದ ಜೊತೆ ಮೊದಲೇ ಬೆರೆಸಿದಾಗ ಪ್ರತಿಕಾಯದ ಗುರುತು ಮಾಯವಾದರೆ, ಅದು ಆ ತುಣುಕನ್ನೇ ಹಿಡಿಯುತ್ತಿತ್ತೆಂದು ತಿಳಿಯುತ್ತದೆ. ಅದೇ ತುಣುಕು ಬೇರೆ ಪ್ರೋಟೀನಿನಲ್ಲೂ ಇರಬಹುದಾದ್ದರಿಂದ ಇದೊಂದೇ ಪರೀಕ್ಷೆ ಸಾಲದು.