ಹಲಸಿನ ಮೇಣ, ಸಾಬೂನಿನ ಚೂರು, ಕಲಾಯಿ

ಕಳೆದ ತಿಂಗಳು ಅಟ್ಟ ಗುಡಿಸುವಾಗ ನಮ್ಮ ಅಜ್ಜಿಯ ಕಾಲದ ಸೀಮೆಎಣ್ಣೆ ಡಬ್ಬವೊಂದು ಸಿಕ್ಕಿತು. ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಯುವಂಥದು. 19ನೆಯ ಶತಮಾನದ ಕೊನೆಯ ದಶಕಗಳಿಂದ ಸೀಮೆಎಣ್ಣೆ ಇಂಥ ಡಬ್ಬಗಳಲ್ಲಿ ನಮ್ಮ ಊರುಗಳನ್ನು ತಲುಪುತ್ತಿತ್ತು. ಎಣ್ಣೆ ತೀರಿದ ಮೇಲೆ ಬಾಯಿ ಕತ್ತರಿಸಿ, ಅಡ್ಡಲಾಗಿ ಮರದ ಹಿಡಿ ಬಡಿದರೆ ಅದೇ ನೀರು ಹೊರುವ ಡಬ್ಬ.

ಅದರ ತಳದ ಅಂಚಿನಲ್ಲಿ ಕಪ್ಪಗೆ ಗಟ್ಟಿಯಾಗಿ ಕುಳಿತಿರುವುದು ಹಲಸಿನ ಮೇಣ. ಮಲೆನಾಡಿನ ಬಂಧುಗಳಿಗೆ ವಿವರಿಸಬೇಕಿಲ್ಲ. ಹಣ್ಣು ಬಿಡಿಸುವಾಗ ಒಸರುವ ಮೇಣವನ್ನು ಅಜ್ಜಿ ಕೋಲಿಗೆ ಸುತ್ತಿ ಕಾದಿಡುತ್ತಿದ್ದರು. ಬೆಂಕಿಗೆ ಹಿಡಿದು, ಒಣಗಿಸಿದ ಡಬ್ಬದ ಸೋರುವ ಜಾಗಕ್ಕೆ ಬಿಸಿಯಿರುವಾಗಲೇ ಒತ್ತಿದರೆ ನೀರು ನಿಲ್ಲುತ್ತಿತ್ತು. ಆದರೆ ಸೀಮೆಎಣ್ಣೆ ತುಂಬಿದ ಡಬ್ಬ ಸೋರಿದರೆ ಮೇಣ ನಡೆಯದು. ಕೈಗಂಟಿದ ಮೇಣವನ್ನು ಬಿಡಿಸಲು ನಾವು ಹಚ್ಚಿಕೊಳ್ಳುತ್ತಿದ್ದುದೇ ಸೀಮೆಎಣ್ಣೆಯಲ್ಲವೇ? ಅಲ್ಲಿಗೆ ಬಟ್ಟೆ ಸಾಬೂನಿನ ಚೂರು. ನೀರಿನಲ್ಲಿ ಕರಗುವ ಸಾಬೂನು ಸೀಮೆಎಣ್ಣೆಯಲ್ಲಿ ಕರಗದು. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಒಲೆಯ ಮೇಲೇರುವ ಹಿತ್ತಾಳೆ ಪಾತ್ರೆಗೆ ಮಾತ್ರ ಈ ಎರಡೂ ಸಲ್ಲವು. ಅದಕ್ಕೆ ಕಲಾಯಿಯೇ ಆಗಬೇಕು. ಒಮ್ಮೆ ಕಲಾಯಿ ಸವೆದಿದ್ದ ಪಾತ್ರೆಯಲ್ಲಿ ರಾತ್ರಿಯಿಡೀ ಉಳಿದ ಹುಳಿಯನ್ನು ಉಂಡು ನನ್ನ ತಮ್ಮ ಬೆಳಗಿನವರೆಗೂ ವಾಂತಿ ಮಾಡಿಕೊಂಡ. ಹುಳಿಗೆ ತಾಮ್ರ ಕರಗಿ ಕಿಲುಬೇಳುತ್ತದೆ. ಅಂದಿನಿಂದ ಅಜ್ಜಿ ಕಲಾಯಿ ಸಾಬರ ದಾರಿಯನ್ನೇ ಕಾಯುತ್ತಿದ್ದರು. ಅವರು ಬಂದರೆ ಮೊದಲು ತವರದ ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಬಾಗಿಸುವರು. ಶುದ್ಧ ತವರ ಬಾಗುವಾಗ ಅದರ ಹರಳುಗಳು ಸರಿದು ಚಿಟಚಿಟನೆ ಸದ್ದಾಗುತ್ತದೆ. ಸೀಸ ಹೆಚ್ಚಾಗಿ ಬೆರೆತಿದ್ದರೆ ಆ ಸದ್ದು ಅಡಗುತ್ತದೆ, ಸೀಸ ವಿಷ.

ತವರವಾದರೂ ಬಹುಪಾಲು ಮಲಯದಿಂದ ಬರುತ್ತಿದ್ದ ಲೋಹ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಮಲಯದ ಗಣಿಗಳೂ ಅವರ ಕೈಸೇರಿದವು. ಮುಂದಿನ ತಿಂಗಳು ರಂಗೂನ್ ಬಿದ್ದು ಬರ್ಮಾದ ಎಣ್ಣೆಯೂ ತಪ್ಪಿತು. ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಹುಳಿಯ ಅಡುಗೆಯೆಲ್ಲ ಮಣ್ಣಿನ ಮಡಕೆಗೆ ಇಳಿಯಿತೆಂದು ಅಜ್ಜಿ ಹೇಳುತ್ತಿದ್ದರು. ಯುದ್ಧದ ಪಾಠ ಮಾಡುವಾಗ ನಾನು ಇದನ್ನು ನಿಮಗೆ ಹೇಳಲಿಲ್ಲ, ಪಠ್ಯದಲ್ಲಿರಲಿಲ್ಲ.

ಇನ್ನೊಂದನ್ನೂ ಹೇಳಬೇಕು. ಸಾಬರು ನೆಲದಲ್ಲಿ ಕುಳಿ ತೋಡಿ, ಇದ್ದಿಲು ಹಾಕಿ, ತಿದಿಯೊತ್ತಿ ಪಾತ್ರೆಯನ್ನು ಕಾಯಿಸುವರು. ನವಸಾಗರದ ಪುಡಿ ಎರಚಿದೊಡನೆ ಬಿಳಿಯ ಹೊಗೆ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಕಡ್ಡಿ ಮುಟ್ಟಿಸಿದರೆ ಸಾಕು. ಹತ್ತಿಯಿಂದ ಉಜ್ಜಿದಲ್ಲೆಲ್ಲ ಬೆಳ್ಳಿಯ ಬಣ್ಣ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಕಾದಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ತೆಗೆಯುತ್ತದೆ, ತವರ ಹಿಡಿಯುತ್ತದೆ. ಈ ಲವಣವನ್ನು ನಾನು ವರ್ಷವರ್ಷವೂ ಪ್ರನಾಳದಲ್ಲಿ ಕಾಯಿಸಿ ತೋರಿಸಿದೆ. ಶಾಲೆಯ ಬೇಲಿಯಾಚೆಯ ಆಲದ ಕೆಳಗೆ ಸಾಬರು ಅದನ್ನೇ ಮಾಡುತ್ತಿದ್ದರು. ಒಂದು ದಿನವೂ ನಿಮ್ಮನ್ನು ಅಲ್ಲಿಗೆ ಕರೆದೊಯ್ಯಲಿಲ್ಲ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸಾರ್, ಇದು ಕಲಾಯಿ ಸಾಬರ ವಾಸನೆ” ಎಂದಿದ್ದ. ತರಗತಿ ನಕ್ಕಿತು, ನಾನು ಗದರಿಸಿ ಕೂರಿಸಿದೆ. ಸ್ಟೀಲು ಪಾತ್ರೆಗಳು ಮನೆಮನೆಗೆ ಬಂದ ಮೇಲೆ ಸಾಬರು ಬರುವುದೂ ನಿಂತಿತು. ಆ ಹುಡುಗ ಇದನ್ನು ಓದುತ್ತಿದ್ದರೆ ತಿಳಿಯಲಿ: ವಾಸನೆ ಅದೇ ಆಗಿತ್ತು, ಮಗು.