ಗಣಿಯವರ ಉಸಿರು, ಗಣಿಯವರ ರಕ್ತ

1902ರ ಹೊತ್ತಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಡಾಲ್‌ಕೋತ್ ಎಂಬ ತವರದ ಗಣಿಯ ಆಳುಗಳು ಬಿಳಿಚಿಕೊಳ್ಳತೊಡಗಿದ್ದರು. ಏಣಿ ಹತ್ತಿದರೆ ಮೇಲುಸಿರು, ಎದೆ ಡವಡವ. ಒಳಗಿನ ಗಾಳಿ ಕೆಟ್ಟಿದೆ ಎಂಬುದು ಅಲ್ಲಿಯವರ ಗುಮಾನಿ. ವಿಚಾರಣೆಗೆ ಬಂದ ಜಾನ್ ಸ್ಕಾಟ್ ಹಾಲ್ಡೇನ್ ಗಾಳಿಯ ವಿಷಯದಲ್ಲೇ ದೊಡ್ಡ ಪಂಡಿತರು. ಗಾಳಿ ಪರೀಕ್ಷಿಸಿದರು, ಇಷ್ಟು ಜನ ಸೊರಗಲು ಅದು ಕಾರಣವಲ್ಲವೆಂದು ಕಂಡಿತು. ಆಮೇಲೆ ರಕ್ತ ತೆಗೆದು ನೋಡಿದರು. ಹಿಮೋಗ್ಲೋಬಿನ್ ಕುಸಿದಿತ್ತು. ಕಾರಣ ಕೊಕ್ಕೆಹುಳು. ಬೆಚ್ಚಗಿನ ಒದ್ದೆ ಸುರಂಗ, ಕೆಳಗೆ ಕಕ್ಕಸಿಲ್ಲ. ಹುಳುವಿಗೆ ಇನ್ನೇನು ಬೇಕು? ಅದರ ಮರಿ ಚರ್ಮ ಕೊರೆದು ಒಳಹೊಕ್ಕು, ಶ್ವಾಸಕೋಶದ ಮೂಲಕವೇ ಹಾದು ಕರುಳು ಸೇರಿ ರಕ್ತ ಹೀರುತ್ತದೆ.

ಅದೇ ಹಾಲ್ಡೇನ್ 1904ರಲ್ಲಿ ಇನ್ನೊಂದು ವರದಿ ಕೊಟ್ಟರು. ಬಂಡೆ ಕೊರೆಯುವ ಯಂತ್ರ ಹಿಡಿದವರು ಚಿಕ್ಕ ವಯಸ್ಸಿಗೇ ಸಾಯುತ್ತಿದ್ದುದು ಕಲ್ಲಿನ ದೂಳಿನಿಂದ ಎಂದು ಅದರಲ್ಲಿತ್ತು. ಒಂದೇ ಸೀಮೆಯ ಗಣಿಯವರು, ಒಂದೇ ಏದುಸಿರು, ಎರಡು ಕಾಯಿಲೆ. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಸೇರಿದರೆ ಏನಾಗುತ್ತದೆ ಎಂಬುದೇ ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ.

ಕಾಡಲು ಕಾರಣವಿದೆ. ನಾನು ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನವಳು, ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಕಾರ್ನ್‌ವಾಲ್‌ನ ಗಣಿಗಾರರು ಇಲ್ಲಿಗೆ ಬಂದರು; ಅವರ ಕೈಕೆಳಗೆ ದುಡಿದವರು ಹೆಚ್ಚಾಗಿ ಉತ್ತರ ಆರ್ಕಾಟ್, ಚಿತ್ತೂರು ಕಡೆಯ ದಲಿತರು. ಬಿಳಿಕಲ್ಲು ಕೊರೆದಾಗ ಏಳುವ ದೂಳೂ ಅದೇ. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್, ಅಂದರೆ ಈ ದೂಳಿನ ಕಾಯಿಲೆ, ಆದವರಿಗೆ ಪರಿಹಾರದ ನಿಯಮ ತಂದಿತು. ಆ ದಶಕದಲ್ಲಿ ನಡೆದ ತಪಾಸಣೆಯಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡುಬಂತು. ನೂರಕ್ಕೆ ನಲವತ್ತು! ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ನಮ್ಮಪ್ಪ ಚಾಂಪಿಯನ್ ರೀಫ್‌ನಲ್ಲಿ ಡ್ರಿಲ್ಲಿಂಗ್ ಮಾಡಿದವರು. ಅವರ ಕಡತದಲ್ಲಿ ಎಕ್ಸ್‌ರೇಗಳದ್ದೇ ಒಂದು ಕಟ್ಟು. ರಕ್ತದ ಚೀಟಿ ಒಂದೂ ಇರಲಿಲ್ಲ. ಪರಿಹಾರಕ್ಕೆ ಬೇಕಾದದ್ದು ಎದೆಯ ಚಿತ್ರ ತಾನೆ. "ಎದೆ ಕಲ್ಲಾಗಿದೆಯಮ್ಮ, ಉಸಿರು ಎಲ್ಲಿಂದ ಬರುತ್ತೆ" ಎನ್ನುತ್ತಿದ್ದರು. ನಾನು ಅವರ ಬೆರಳು ಚುಚ್ಚಿ, ಸಾಹ್ಲಿ ನಳಿಗೆಯಲ್ಲಿ ಆಸಿಡ್‌ಗೆ ಬೆರೆಸಿ, ತೊಟ್ಟು ತೊಟ್ಟು ನೀರು ಹಾಕುತ್ತ ಬಣ್ಣ ಹೊಂದಿಸಿ ನೋಡಿದೆ: 100 ಮಿಲಿ ರಕ್ತಕ್ಕೆ ಹಿಮೋಗ್ಲೋಬಿನ್ 8.5 ಗ್ರಾಂ. ಗಂಡಸರಿಗೆ 13 ಆದರೂ ಇರಬೇಕು.

ಡಾಕ್ಟರು ನಂಬಲಿಲ್ಲ. ಶ್ವಾಸಕೋಶದ ರೋಗಿಗೆ ರಕ್ತ ಜಾಸ್ತಿಯಾಗಬೇಕಲ್ಲ, ಕಮ್ಮಿ ಹೇಗೆ ಎಂದರು. ಆ ನಂಬಿಕೆಗೂ ಆಧಾರವಿತ್ತು. 1911ರಲ್ಲಿ ಹಾಲ್ಡೇನ್ ತಂಡ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ತುದಿಯಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ ವಾರಗಟ್ಟಲೆ ತಂಗಿತ್ತು. ಆಮ್ಲಜನಕ ಕಡಿಮೆಯಾದ ಕಡೆ ಹಿಮೋಗ್ಲೋಬಿನ್ ಏರುತ್ತದೆಂದು ತೋರಿಸಿತು. ಮೇಬಲ್ ಫಿಟ್ಸ್‌ಜೆರಾಲ್ಡ್ ಎಂಬಾಕೆ ಕೊಲರಾಡೊದ ಗಣಿ ಊರುಗಳನ್ನು ಸುತ್ತಿ, ಅಲ್ಲಿಯವರ ರಕ್ತವನ್ನೂ ಅಳೆದು ಬಂದರು. ಆದರೆ ಹಾಗೆ ರಕ್ತ ಅಳೆಸಿಕೊಂಡವರು ಆರೋಗ್ಯವಂತರು. ಎದೆಯಲ್ಲಿ ವರ್ಷಗಟ್ಟಲೆ ಉರಿಯೂತ ಇದ್ದವರ ದೇಹ ಬೇರೆ ದಾರಿ ಹಿಡಿಯಬಹುದು: ಯಕೃತ್ತಿನಿಂದ ಹೆಪ್ಸಿಡಿನ್ ಎಂಬ ರಸ ಹೆಚ್ಚಾಗಿ, ಇರುವ ಕಬ್ಬಿಣವನ್ನೇ ದೇಹ ಬಚ್ಚಿಡುತ್ತದೆ, ಮಜ್ಜೆಗೆ ಸಿಗುವುದಿಲ್ಲ. ಈ ರಸ ಪತ್ತೆಯಾದದ್ದು 2000ದ ಆಸುಪಾಸಿನಲ್ಲಿ.

ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು ಸುಮಾರು 1.34 ಮಿಲಿ ಆಮ್ಲಜನಕ. 15 ಗ್ರಾಂ ಇದ್ದವನ 100 ಮಿಲಿ ರಕ್ತ 20 ಮಿಲಿ ಹೊತ್ತರೆ, ಅಪ್ಪನದು ಹನ್ನೊಂದೂವರೆಯನ್ನೂ ಮುಟ್ಟದು. ಅದೂ ಶ್ವಾಸಕೋಶ ಸರಿ ಇದ್ದಿದ್ದರೆ.

ಅಪ್ಪನ ವಿಷಯದಲ್ಲಿ ಉರಿಯೂತದ ಜೊತೆ ಇನ್ನೊಂದೂ ಇತ್ತು: ಮಂಡಿ ನೋವಿನ ಮಾತ್ರೆಯಿಂದ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಆ ಮಾತ್ರೆ ನಿಲ್ಲಿಸಿ ಕಬ್ಬಿಣ ಕೊಟ್ಟ ಮೇಲೆ 11ಕ್ಕೆ ಬಂತು. ಸಿಲಿಕೋಸಿಸ್ ವಾಸಿಯಾಗುವುದಲ್ಲ, ಆಗಲೂ ಇಲ್ಲ. ಆದರೆ ಕಡೆಯ ವರ್ಷಗಳಲ್ಲಿ ಮಾರಿಕುಪ್ಪಂ ಅಂಗಡಿಯವರೆಗೆ ತಾವೇ ನಡೆದು ಹೋಗುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು, ಎಕ್ಸ್‌ರೇ ಕಟ್ಟು ಹಿಡಿದವರು ಲೈನ್ ಮನೆಗಳಲ್ಲಿ ಈಗಲೂ ಇದ್ದಾರೆ. ಅವರ ಮಕ್ಕಳು ಸಿಕ್ಕಾಗ ನಾನು ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳುತ್ತೇನೆ.