ಕ್ರೂಸ್ ಹಡಗಿನ ‘ಪಾಯಿಂಟ್ಸ್’ನಿಂದ ನಿಜವಾಗಿ ಎಷ್ಟು ಲಾಭ? ಮತ್ತೆ ಮತ್ತೆ ಹೋಗುವವರು ತಿಳಿದಿರಬೇಕಾದ ಸಂಗತಿಗಳು

ಸಮುದ್ರದಿಂದ ಬಲು ದೂರ ಇರುವ ಹೊಸಪೇಟೆ, ಸಂಡೂರು, ಕಂಪ್ಲಿ, ಮೆಟ್ರಿ ಕಡೆಯವರಿಗೂ ‘ಕ್ರೂಸ್’ ಈಗ ಅಪರೂಪದ ಮಾತಲ್ಲ. ಅಮೆರಿಕದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋದ ಅಪ್ಪ-ಅಮ್ಮನನ್ನು ಮಕ್ಕಳು ನಾಲ್ಕು ದಿನ ಹಡಗಿನಲ್ಲಿ ಸುತ್ತಾಡಿಸಿಕೊಂಡು ಬರುತ್ತಾರೆ. ನಮ್ಮ ದೇಶದಲ್ಲೂ 2021ರ ಸೆಪ್ಟೆಂಬರ್‌ನಲ್ಲಿ ಐಆರ್‌ಸಿಟಿಸಿ ಜೊತೆಗೂಡಿ ಕಾರ್ಡೇಲಿಯಾ ಕಂಪನಿ ಮುಂಬೈನಿಂದ ಪ್ರಯಾಣ ಶುರು ಮಾಡಿತು. ಒಮ್ಮೆ ಹೋಗಿ ಬಂದವರಿಗೆ ಆಮೇಲೆ ಮೆಸೇಜುಗಳು ಬರತೊಡಗುತ್ತವೆ: “ನೀವೀಗ ಗೋಲ್ಡ್ ಸದಸ್ಯರು”, “ಇನ್ನೊಂದು ಪ್ರಯಾಣ ಮಾಡಿದರೆ ಇನ್ನಷ್ಟು ಸೌಲಭ್ಯ”. ಇವುಗಳ ಜೊತೆಗೆ “ಉಚಿತ ಕ್ರೂಸ್ ಗೆದ್ದಿದ್ದೀರಿ” ಎನ್ನುವ ಫಾರ್ವರ್ಡ್‌ಗಳೂ ಇರುತ್ತವೆ.

ಇದರಲ್ಲಿ ನಿಜ ಎಷ್ಟು? ಚಿಕ್ಕ ಉತ್ತರ ಇದು: ಸದಸ್ಯತ್ವಕ್ಕೆ ದುಡ್ಡು ಕೊಡಬೇಕಿಲ್ಲ, ಸೇರಿಕೊಳ್ಳಿ. ಆದರೆ ಪಾಯಿಂಟ್ಸ್ ಸಲುವಾಗಿ ಪ್ರಯಾಣ ಮಾಡಬೇಡಿ. ಮೂರು-ನಾಲ್ಕು ಸಲ ಹೋದವರಿಗೆ ಸಿಗುವ ದೊಡ್ಡ ಲಾಭ ಕಾರ್ಡಿನಿಂದ ಬರುವುದಲ್ಲ, ತಯಾರಿಯಿಂದ ಬರುವುದು. ಆ ತಯಾರಿಯನ್ನು ಮೊದಲ ಸಲ ಹೋಗುವವರೂ ಮಾಡಿಕೊಳ್ಳಬಹುದು.

ಪಾಯಿಂಟ್ ಲೆಕ್ಕ ಹೇಗೆ?

ರಾಯಲ್ ಕೆರಿಬಿಯನ್ ಕಂಪನಿಯ ‘ಕ್ರೌನ್ ಅಂಡ್ ಆ್ಯಂಕರ್’ ಯೋಜನೆಯನ್ನೇ ನೋಡೋಣ. ಹಡಗಿನಲ್ಲಿ ಕಳೆದ ಒಂದು ರಾತ್ರಿಗೆ ಒಂದು ಪಾಯಿಂಟ್. ದುಬಾರಿ ಸೂಟ್ ಕೋಣೆಯಾದರೆ ಎರಡು. 3 ಪಾಯಿಂಟ್ ಆದರೆ ಗೋಲ್ಡ್, 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್.

ಮೊದಲ ಪ್ರಯಾಣದಲ್ಲೇ ಗೋಲ್ಡ್ ಆಗುವುದರಿಂದ ಏನೋ ದೊಡ್ಡದು ಸಿಕ್ಕಿದಂತೆ ಅನಿಸುತ್ತದೆ. ಮುಂದಿನ ಲೆಕ್ಕ ಬೇರೆ. ಹೇಳಿಕೊಳ್ಳುವಂಥ ಸೌಲಭ್ಯಗಳು ಬರುವುದು ಡೈಮಂಡ್ ಮಟ್ಟದಿಂದ. ಅದಕ್ಕೆ 80 ರಾತ್ರಿ ಬೇಕು. ಎರಡು ವರ್ಷಕ್ಕೊಮ್ಮೆ ಅಮೆರಿಕಕ್ಕೆ ಹೋಗಿ ಪ್ರತಿ ಸಲ 4 ರಾತ್ರಿಯ ಕ್ರೂಸ್ ಮಾಡುವ ದಂಪತಿ ಅಲ್ಲಿಗೆ ತಲುಪಲು 20 ಪ್ರಯಾಣ, ಅಂದರೆ ಸುಮಾರು 40 ವರ್ಷ ಬೇಕು. ಪಿನಾಕಲ್ ಆಗಬೇಕಾದರೆ 7 ರಾತ್ರಿಯ ಪ್ರಯಾಣವನ್ನು 100 ಸಲ ಮಾಡಬೇಕು. ವರ್ಷಕ್ಕೆ ಹಲವು ಸಲ ಹಡಗು ಹತ್ತುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯೋಜನೆ ಇದು.

ಕಂಪ್ಲಿಯಿಂದ ಹೊಸಪೇಟೆಗೆ ದಿನಾ ಓಡಾಡುವವರು ತಿಂಗಳ ಬಸ್ ಪಾಸ್ ಮಾಡಿಸುತ್ತಾರೆ. ಪಾಸಿನ ಲಾಭ ಮೊದಲ ತಿಂಗಳೇ ಕೈಗೆ ಬರುತ್ತದೆ. ಹಡಗಿನ ಯೋಜನೆಯಲ್ಲಿ ಖರ್ಚು ಮೊದಲು, ಲಾಭ ಕೊನೆಗೆ. “ಇನ್ನು ಆರು ರಾತ್ರಿ ಆದರೆ ಮುಂದಿನ ಮಟ್ಟ” ಎಂದು ಗ್ರಾಹಕರು ಬೇರೆ ಕಂಪನಿಯ ಕಡೆ ನೋಡದಿರಲಿ ಎಂಬುದೇ ಇದರ ಉದ್ದೇಶ. ಇದರಲ್ಲಿ ಮೋಸವೇನೂ ಇಲ್ಲ, ವ್ಯಾಪಾರ. ಆದರೆ ಲೆಕ್ಕ ಹಾಕುವ ಕೆಲಸ ನಮ್ಮದು.

ಪಾಯಿಂಟ್ ಅಂದರೆ ದುಡ್ಡೇ?

ಅಲ್ಲ. ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಪಾಯಿಂಟ್ ಕೊಟ್ಟು ಏನಾದರೂ ಕೊಳ್ಳಬಹುದು. ಮೇಲೆ ಹೇಳಿದ ಪಾಯಿಂಟ್ ನಿಮ್ಮ ಮಟ್ಟವನ್ನಷ್ಟೇ ತೋರಿಸುತ್ತದೆ, ಅದನ್ನು ಕೊಟ್ಟು ಟಿಕೆಟ್ ಪಡೆಯಲಾಗದು. ಮೇಲಿನ ಮಟ್ಟದವರಿಗೆ ಸಿಗುವುದು ಬೇಗ ಹಡಗು ಹತ್ತುವ ಅವಕಾಶ, ದಿನಕ್ಕೆ ಕೆಲವು ಉಚಿತ ಪಾನೀಯ, ಕೆಲವು ಪ್ರಯಾಣಗಳಲ್ಲಿ ರಿಯಾಯಿತಿ, ಇಂಥವು. ಕುಡಿಯುವ ಅಭ್ಯಾಸ ಇಲ್ಲದವರಿಗೆ ಉಚಿತ ಪಾನೀಯದ ಬೆಲೆ ಕಾಫಿ, ಜ್ಯೂಸಿಗೆ ಇಳಿಯುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಎಷ್ಟಿದೆ ಎಂದು ನೋಡಬೇಡಿ, ನೀವು ಬಳಸುವುದು ಎಷ್ಟು ಎಂದು ನೋಡಿ. ಅದೇ ದಿನಗಳಿಗೆ ಬೇರೆ ಕಂಪನಿಯ ಟಿಕೆಟ್ ಅದಕ್ಕಿಂತ ಕಡಿಮೆಗೆ ಸಿಕ್ಕರೆ ಅದೇ ನಿಮ್ಮ ಲಾಭ.

ನಿಯಮ ಬದಲಾಗುವುದೂ ಉಂಟು. ಕಾರ್ನಿವಲ್ ಕಂಪನಿ 2025ರಲ್ಲಿ ಒಂದು ಘೋಷಣೆ ಮಾಡಿತು: 2026ರ ಜೂನ್‌ನಿಂದ ಎಷ್ಟು ದಿನ ಪ್ರಯಾಣ ಮಾಡಿದಿರಿ ಎಂಬುದರ ಬದಲು ಎಷ್ಟು ಖರ್ಚು ಮಾಡಿದಿರಿ ಎಂಬುದೇ ಲೆಕ್ಕ. ಹಲವು ವರ್ಷ ರಾತ್ರಿಗಳನ್ನು ಕೂಡಿಸುತ್ತಾ ಬಂದವರಿಗೆ ಇದು ಬೇರೆಯದೇ ಆಟ. ಅನುಕೂಲದ ಬದಲಾವಣೆಯೂ ಇದೆ. ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಸಿಲ್ವರ್‌ಸೀ ಮೂರೂ ಒಂದೇ ಗುಂಪಿನ ಕಂಪನಿಗಳು. 2024ರಿಂದ ಒಂದರಲ್ಲಿ ಗಳಿಸಿದ ಮಟ್ಟಕ್ಕೆ ಉಳಿದೆರಡರಲ್ಲೂ ಸಮನಾದ ಮಾನ್ಯತೆ ಸಿಗುತ್ತದೆ.

ನಮ್ಮ ಹೆಸರುಗಳ ತೊಂದರೆ

ಟಿಕೆಟ್ ದುಡ್ಡು ಮಗ ಕೊಟ್ಟರೂ ಪಾಯಿಂಟ್ ಸೇರುವುದು ಪ್ರಯಾಣ ಮಾಡಿದವರ ಹೆಸರಿಗೆ. ನಮ್ಮಲ್ಲಿ ಅಪ್ಪನ ಹೆಸರು, ಊರ ಹೆಸರು ಇನಿಷಿಯಲ್ ಆಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಪೂರ್ತಿ ಹೆಸರಾಗಿರುತ್ತದೆ. ಒಂದು ಸಲ ಹಾಗೆ, ಇನ್ನೊಂದು ಸಲ ಹೀಗೆ ಬುಕ್ ಮಾಡಿದರೆ ಒಬ್ಬರದೇ ಎರಡು ಖಾತೆಗಳಾಗಿ ಪಾಯಿಂಟ್ ಹಂಚಿಹೋಗಬಹುದು. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಪ್ರತಿ ಸಲ ಹೆಸರು ಕೊಡಿ. ಬುಕ್ ಮಾಡುವಾಗಲೇ ಸದಸ್ಯತ್ವ ಸಂಖ್ಯೆ ಹಾಕಿಸಿ.

“ಕ್ರೂಸ್‌ಗೆ ಪಾಸ್‌ಪೋರ್ಟ್ ಬೇಡ” ನಿಜವೇ?

ಅರ್ಧ ನಿಜ. ಭಾರತದ ಬಂದರಿನಿಂದ ಹೊರಟು ಭಾರತದೊಳಗೇ ತಿರುಗುವ ಪ್ರಯಾಣಕ್ಕೆ ಸರ್ಕಾರ ಕೊಟ್ಟ ಫೋಟೋ ಗುರುತಿನ ಚೀಟಿ ಸಾಕು. ಲಕ್ಷದ್ವೀಪಕ್ಕಾದರೆ ಅದರ ಜೊತೆಗೆ ಪ್ರವೇಶ ಪರವಾನಗಿ ಬೇಕು. ಶ್ರೀಲಂಕಾದಂಥ ಹೊರದೇಶಕ್ಕಾದರೆ ಪಾಸ್‌ಪೋರ್ಟ್ ಕಡ್ಡಾಯ.

ಅಮೆರಿಕದಿಂದ ಹೊರಟು ಅಲ್ಲಿಗೇ ವಾಪಸ್ಸಾಗುವ ಕೆಲವು ಪ್ರಯಾಣಗಳಿಗೆ ಪಾಸ್‌ಪೋರ್ಟ್ ಇಲ್ಲದೆಯೂ ಹೋಗಬಹುದು ಎಂಬುದು ಅಮೆರಿಕದ ಪ್ರಜೆಗಳಿಗೆ ಇರುವ ಸಡಿಲಿಕೆ. ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ-ಅಮ್ಮನಿಗೆ ಅದು ಅನ್ವಯಿಸುವುದಿಲ್ಲ. ಹಡಗು ನಿಲ್ಲುವ ಪ್ರತಿ ದೇಶದ ವೀಸಾ ನಿಯಮ, ಅಮೆರಿಕಕ್ಕೆ ಮರಳಿ ಬರುವ ನಿಯಮ ಎರಡನ್ನೂ ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ. ದಾಖಲೆ ಸರಿ ಇಲ್ಲದಿದ್ದರೆ ಬಂದರಿನಿಂದಲೇ ವಾಪಸ್ ಕಳಿಸುತ್ತಾರೆ, ಟಿಕೆಟ್ ದುಡ್ಡೂ ಹೋಗುತ್ತದೆ.

ಹೊಟ್ಟೆ ತೊಳಸುವುದು ಯಾಕೆ? ಏನು ಮಾಡಬೇಕು?

ಒಳಕಿವಿಯಲ್ಲಿರುವ ಸಮತೋಲನದ ಅಂಗ ದೇಹ ಅಲುಗಾಡುತ್ತಿದೆ ಎನ್ನುತ್ತದೆ. ಕೋಣೆಯ ಗೋಡೆ ನೋಡುತ್ತಿರುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಎರಡು ಸುದ್ದಿ ಹೊಂದದೇ ಇದ್ದಾಗ ಮಿದುಳಿಗೆ ಗೊಂದಲವಾಗಿ ತಲೆಸುತ್ತು, ವಾಕರಿಕೆ ಬರುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವುದೂ ಇದೇ.

ಹಡಗಿನ ಮಧ್ಯಭಾಗದ, ಕೆಳಗಿನ ಅಂತಸ್ತಿನ ಕೋಣೆಗಳಲ್ಲಿ ಅಲುಗಾಟ ಕಡಿಮೆ. ಸಾಮಾನ್ಯವಾಗಿ ಇವು ಅಗ್ಗವೂ ಹೌದು. ಮೇಲಂತಸ್ತಿನ ಬಾಲ್ಕನಿ ಕೋಣೆಗೆ ಹೆಚ್ಚು ದುಡ್ಡು ಕೊಟ್ಟು ಮಲಗಿಯೇ ಇರುವುದಕ್ಕಿಂತ ಇದು ಮೇಲು. ಹೊಟ್ಟೆ ತೊಳಸಿದಾಗ ಮೊಬೈಲ್ ಬದಿಗಿಟ್ಟು, ಹೊರಗೆ ಬಂದು ದೂರದಲ್ಲಿ ಆಕಾಶ-ನೀರು ಸೇರುವ ಗೆರೆಯನ್ನು ನೋಡಿ. ಶುಂಠಿಯಿಂದ ಕೆಲವರಿಗೆ ಆರಾಮ ಆಗುತ್ತದೆ, ಎಲ್ಲರಿಗೂ ಅಲ್ಲ. ಮಾತ್ರೆಗಳು ಕೆಲಸ ಮಾಡುವುದು ವಾಕರಿಕೆ ಶುರುವಾಗುವ ಮೊದಲೇ ತೆಗೆದುಕೊಂಡರೆ. ಇವುಗಳಿಂದ ಮಂಪರು ಬರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳದೆ ನುಂಗಬಾರದು.

ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಕೇ?

ಸಾಲದು. ಹಡಗುಗಳಲ್ಲಿ ವಾಂತಿ-ಭೇದಿ ಹರಡುವ ನೊರೊವೈರಸ್ ಮೇಲೆ ಆಲ್ಕೋಹಾಲ್ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಊಟಕ್ಕೆ ಮೊದಲು, ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಿ ತೊಳೆಯುವುದೇ ದಾರಿ. ಹಾಗೆಂದು “ಹಡಗು ಎಂದರೆ ರೋಗದ ಗೂಡು” ಎನ್ನುವುದೂ ಸರಿಯಲ್ಲ. ಅಮೆರಿಕದ ಸಿಡಿಸಿ ಸಂಸ್ಥೆಯ ಪ್ರಕಾರ ಅಲ್ಲಿ ವರದಿಯಾಗುವ ನೊರೊವೈರಸ್ ಹಾವಳಿಗಳಲ್ಲಿ ಕ್ರೂಸ್ ಹಡಗುಗಳ ಪಾಲು ಕೇವಲ 1%. ಹಡಗಿನದು ಬೇಗ ಸುದ್ದಿಯಾಗುತ್ತದೆ, ಅಷ್ಟೇ.

ಸಾವಿರಾರು ಜನ ಒಂದೇ ಕಡೆ ಇರುವಾಗ ಸೋಂಕು ಹೊಕ್ಕರೆ ಪ್ರಯಾಣವೇ ನಿಲ್ಲಬಹುದು ಎಂಬುದು ನಿಜ. 2022ರ ಜನವರಿಯಲ್ಲಿ ಮುಂಬೈನಿಂದ ಗೋವಾಕ್ಕೆ ಹೋದ ಕಾರ್ಡೇಲಿಯಾ ಹಡಗಿನಲ್ಲಿ 66 ಜನರಿಗೆ ಕೋವಿಡ್ ಇರುವುದು ಗೊತ್ತಾಗಿ, ಹಡಗು ಮುಂಬೈಗೆ ಮರಳಬೇಕಾಯಿತು.

ಹಡಗಿನ ಡಾಕ್ಟರು ಉಚಿತವೇ?

ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಆದರೆ ಸಾಮಾನ್ಯವಾಗಿ ಶುಲ್ಕ ಇದೆ. ಅದು ನಿಮ್ಮ ಕೋಣೆಯ ಬಿಲ್ಲಿಗೆ ಸೇರುತ್ತದೆ. ಹೃದಯಾಘಾತದಂಥ ತುರ್ತಿನಲ್ಲಿ ದಡಕ್ಕೆ ಸಾಗಿಸಬೇಕಾದರೆ ಖರ್ಚು ಲಕ್ಷಗಳಲ್ಲಿ ಆಗಬಹುದು. ಎಂಥ ಡೈಮಂಡ್ ಸದಸ್ಯರಿಗೂ ಇದರಲ್ಲಿ ವಿನಾಯಿತಿ ಇಲ್ಲ. ಹಿರಿಯರು ಜೊತೆಗಿದ್ದರೆ ಪ್ರಯಾಣ ವಿಮೆ ಮಾಡಿಸಿ. ಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು, ಮೊದಲಿನಿಂದ ಇರುವ ಬಿಪಿ-ಶುಗರ್‌ಗೆ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ.

ಬಂದರಿನಲ್ಲಿ ದೊಡ್ಡ ಬ್ಯಾಗುಗಳನ್ನು ಸಿಬ್ಬಂದಿ ತೆಗೆದುಕೊಳ್ಳುತ್ತಾರೆ. ಅವು ಕೋಣೆ ತಲುಪಲು ಕೆಲವು ಗಂಟೆ ಹಿಡಿಯಬಹುದು. ಇನ್ಸುಲಿನ್, ಬಿಪಿ ಮಾತ್ರೆ, ವೈದ್ಯರ ಚೀಟಿ, ಪಾಸ್‌ಪೋರ್ಟ್ ಸದಾ ಕೈಚೀಲದಲ್ಲೇ ಇರಲಿ.

ದುಡ್ಡು ಸೋರುವ ಮೂರು ಜಾಗ

ಒಂದು, ಮೊಬೈಲ್. ನಡುಸಮುದ್ರದಲ್ಲಿ ನಿಮ್ಮ ಫೋನು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ರೋಮಿಂಗ್ ದರ ವಿಪರೀತ. ಹಡಗು ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಬೇಕಿದ್ದರೆ ವೈಫೈ ಮಾತ್ರ ಆನ್ ಮಾಡಿ.

ಎರಡು, “ಎಲ್ಲ ಸೇರಿದೆ” ಎಂಬ ಮಾತು. ಕೋಣೆ, ಮುಖ್ಯ ಊಟದ ಹಾಲ್, ಬಹಳಷ್ಟು ಮನರಂಜನೆ ಟಿಕೆಟ್ಟಿನಲ್ಲಿ ಸೇರಿರುತ್ತವೆ. ಮದ್ಯ, ವಿಶೇಷ ರೆಸ್ಟೋರೆಂಟ್, ವೈಫೈ, ದಡದ ಪ್ರವಾಸ ಸಾಮಾನ್ಯವಾಗಿ ಬೇರೆ. ಹಲವು ವಿದೇಶಿ ಹಡಗುಗಳಲ್ಲಿ ದಿನದ ಟಿಪ್ಸ್ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. ಪ್ರತಿ ಸಂಜೆ ಬಿಲ್ ನೋಡಿಕೊಳ್ಳಿ. ವಿದೇಶ ಪ್ರವಾಸದ ಪ್ಯಾಕೇಜನ್ನು ಇಲ್ಲಿನ ಏಜೆಂಟರಿಂದ ಕೊಂಡರೆ ಟಿಸಿಎಸ್ ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಹುದು, ರಸೀದಿ ಬಿಸಾಡಬೇಡಿ.

ಮೂರು, ಸಮಯ. ನೀವಾಗಿಯೇ ಆಟೋ, ಟ್ಯಾಕ್ಸಿ ಹಿಡಿದು ಊರು ನೋಡಲು ಹೋಗಿ ತಡವಾದರೆ ಹಡಗು ಕಾಯುವುದಿಲ್ಲ. ಹಡಗಿನ ಗಡಿಯಾರ ಮತ್ತು ನಿಮ್ಮ ಫೋನಿನ ಸಮಯ ಬೇರೆ ಬೇರೆ ಇರಬಹುದು, ಹಡಗಿನದೇ ಪ್ರಮಾಣ. ಹೊರಡುವ ದಿನಕ್ಕೂ ಇದೇ ಮಾತು. ಹೊಸಪೇಟೆಯಿಂದ ಮುಂಬೈಗೆ ಒಂದು ರಾತ್ರಿಯ ಹಾದಿ, ರೈಲು ತಡವಾಗುವುದು ಹೊಸದಲ್ಲ. ಹಡಗು ಹೊರಡುವ ಹಿಂದಿನ ದಿನವೇ ಆ ಊರು ಸೇರಿಕೊಳ್ಳಿ.

“ನಿಮ್ಮ ಪಾಯಿಂಟ್ಸ್ ಇಂದು ಮುಗಿಯುತ್ತವೆ” ಎಂಬ ಮೆಸೇಜ್

ಇಲ್ಲೇ ಹೆಚ್ಚು ಎಚ್ಚರ ಬೇಕು. ಎಸ್‌ಬಿಐ ರಿವಾರ್ಡ್ ಪಾಯಿಂಟ್ ಹೆಸರಿನಲ್ಲಿ ಎಪಿಕೆ ಫೈಲ್ ಕಳಿಸುವ ಮೋಸದ ಬಗ್ಗೆ ಪಿಐಬಿ ಫ್ಯಾಕ್ಟ್ ಚೆಕ್ ಎಚ್ಚರಿಕೆ ಕೊಟ್ಟಿತ್ತು. ಇದೇ ಉಪಾಯ ಯಾವ ಕಂಪನಿಯ ಹೆಸರಿಗೂ ಹೊಂದುತ್ತದೆ. ಯಾವ ಕ್ರೂಸ್ ಕಂಪನಿಯೂ ಬಹುಮಾನ ಕೊಡಲು ನಿಮ್ಮ ಒಟಿಪಿ ಕೇಳಬೇಕಿಲ್ಲ. “ಉಚಿತ ಟಿಕೆಟ್, ಬಂದರು ಶುಲ್ಕ ಮಾತ್ರ ಮೊದಲು ಕಟ್ಟಿ” ಎಂದರೂ ನಂಬಬೇಡಿ. “10 ಗುಂಪುಗಳಿಗೆ ಕಳಿಸಿ” ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ.

ಪಾಯಿಂಟ್ ಎಷ್ಟಿದೆ ಎಂದು ನೋಡಬೇಕಾದರೆ ಮೆಸೇಜಿನ ಲಿಂಕ್ ಒತ್ತಬೇಡಿ. ಕಂಪನಿಯ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಬೇಗ ದೂರು ಕೊಟ್ಟಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬುಕ್ ಮಾಡುವ ಮೊದಲು ಮೂರು ಪ್ರಶ್ನೆ

- ಸದಸ್ಯತ್ವವೇ ಇಲ್ಲದಿದ್ದರೂ ಈ ಪ್ರಯಾಣವನ್ನು ಇದೇ ದುಡ್ಡಿಗೆ ಕೊಳ್ಳುತ್ತಿದ್ದೆನೇ?
- ಟಿಕೆಟ್ಟಿನ ಜೊತೆಗೆ ವೀಸಾ, ವಿಮೆ, ಟಿಪ್ಸ್, ವೈಫೈ ಎಲ್ಲ ಸೇರಿಸಿದರೆ ಒಟ್ಟು ಎಷ್ಟು?
- ಜೊತೆಗೆ ಬರುವ ಹಿರಿಯರಿಗೆ ನಡುಸಮುದ್ರದಲ್ಲಿ ಆರೋಗ್ಯ ಕೆಟ್ಟರೆ ಖರ್ಚು ಯಾರದು?

ಮೂರಕ್ಕೂ ಉತ್ತರ ಸ್ಪಷ್ಟವಾಗಿದ್ದರೆ ಧೈರ್ಯವಾಗಿ ಹೋಗಿ ಬನ್ನಿ. ಈ ತಿಂಗಳು ಮಗಳ ಮನೆಗೆಂದು ಹೊರಟಿರುವ ಹಿರಿಯರು ನಿಮ್ಮ ಗುಂಪಿನಲ್ಲಿದ್ದರೆ, “ಉಚಿತ ಕ್ರೂಸ್” ಫಾರ್ವರ್ಡ್ ಬದಲು ಇದನ್ನು ಅವರಿಗೆ ಕಳಿಸಿ.